ಕಮ್ಮಾರ ಹೋದ, ಹೆಸರು ಉಳೀತು

ಇತಿಹಾಸ ಅಂದ ಕೂಡಲೇ ನಮಗೆ ರಾಜರು, ಯುದ್ಧಗಳು ನೆನಪಾಗುತ್ತವೆ. ಕುಲುಮೆ ಮುಂದೆ ಬೆವರು ಸುರಿಸಿದವನ ಹೆಸರು ಯಾರಿಗೆ ಬೇಕು ಹೇಳಿ? ಆದರೆ ಫ್ರಾನ್ಸ್‌ನಲ್ಲಿ ಆ ಹೆಸರು ಇವತ್ತಿಗೂ ಸಾವಿರಾರು ಮನೆಗಳ ಬಾಗಿಲ ಮೇಲಿದೆ. ಲೆಫೆವ್ರ್! ಹಾಗಂದರೇನು ಗೊತ್ತಾ? ಕಮ್ಮಾರ. ಅಷ್ಟೇ.

ಮೂಲ ಲ್ಯಾಟಿನ್ನಿನ 'ಫಾಬೆರ್'. ಹಳೆಯ ಫ್ರೆಂಚ್‌ನಲ್ಲಿ ಅದು 'ಫೆವ್ರ್' ಆಯ್ತು. ದಕ್ಷಿಣಕ್ಕೆ ಹೋದರೆ ಅದೇ ಫಾಬ್ರ್, ಫೋರ್. ಸವಾಯ್ ಕಡೆ ಫಾವ್ರ್. ಬ್ರಿಟನಿಯವರ ಭಾಷೆಯೇ ಬೇರೆ, ಅಲ್ಲಿ ಲ ಗೋಫ್. ಹಿಂದೆ ಜರ್ಮನ್ ಮಾತಾಡುತ್ತಿದ್ದ ಅಲ್ಸಾಸ್‌ನಲ್ಲಿ ಶ್ಮಿಟ್. ಹೆಸರು ಹಲವು, ಕಸುಬು ಒಂದೇ.

ಇಷ್ಟೊಂದು ಜನ ಕಮ್ಮಾರರು ಯಾಕೆ? ಇಲ್ಲೇ ಇರೋದು ಸ್ವಾರಸ್ಯ. ಹನ್ನೊಂದು, ಹನ್ನೆರಡನೇ ಶತಮಾನದಲ್ಲಿ ಜನಸಂಖ್ಯೆ ಬೆಳೀತು. ಒಂದೇ ಊರಲ್ಲಿ ಹತ್ತಾರು ಜನ ಜಾನ್, ಪಿಯರ್. ಯಾವ ಜಾನ್ ಅಂತ ಗುರುತಿಸೋದು ಹೇಗೆ? ರೈತ ಜಾನ್ ಅಂದರೆ ಉಪಯೋಗವಿಲ್ಲ, ಊರಿಗೆ ಊರೇ ರೈತರು. ಕಮ್ಮಾರ ಜಾನ್ ಅಂದರೆ ಮುಗೀತು! ನೇಗಿಲಿನ ಗುಳ, ಕುದುರೆಯ ಲಾಳ, ಕುಡುಗೋಲು ಎಲ್ಲಕ್ಕೂ ಜನ ಅವನ ಬಾಗಿಲಿಗೇ ಬರಬೇಕಿತ್ತು. ಹೀಗೆ ಅಪ್ಪನಿಗೆ ಅಂಟಿದ ಹೆಸರು ಕುಲುಮೆ ಮುಟ್ಟದ ಮಗನಿಗೂ, ಮೊಮ್ಮಗನಿಗೂ ಬಂತು.

ಆಮೇಲೆ ಬಂದರು ನೋಡಿ, ಬರೆಯುವವರು. ಲ್ಯಾಟಿನ್ ಕಲಿತ ಗುಮಾಸ್ತರು ಮೂಲ ಪದದ ನೆನಪಿಗೆ ನಡುವೆ ಒಂದು 'ಬಿ' ಅಕ್ಷರ ತೂರಿಸಿದರು. ಬರವಣಿಗೆಯಲ್ಲಿ ಇದೆ, ಉಚ್ಚಾರದಲ್ಲಿ ಇಲ್ಲ. ಸಾಲದು ಅಂತ, ಆ ಕಾಲದಲ್ಲಿ 'ಯು' ಮತ್ತು 'ವಿ' ಒಂದೇ ರೀತಿ ಬರೀತಿದ್ದರು. ಓದುವವರು ತಪ್ಪಾಗಿ ಓದಿದರು. ಲೆಫೆವ್ರ್ ಹೋಗಿ ಲೆಫೆಬ್ಯೂರ್ ಅನ್ನೋ ಇನ್ನೊಂದು ಹೆಸರೇ ಹುಟ್ಟಿಕೊಂಡಿತು!

1539ರಲ್ಲಿ ದೊರೆ ಮೊದಲನೇ ಫ್ರಾನ್ಸಿಸ್, ದೀಕ್ಷಾಸ್ನಾನದ ದಾಖಲೆ ಇಡಬೇಕು ಅಂತ ಚರ್ಚುಗಳಿಗೆ ಆಜ್ಞೆ ಮಾಡಿದ. 1794ರಲ್ಲಿ ಕ್ರಾಂತಿ ಸರ್ಕಾರ, ಜನನ ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನು ತಂತು. ಬಾಯಿಂದ ಬಾಯಿಗೆ ಬದಲಾಗುತ್ತಿದ್ದ ಹೆಸರು ಕಾಗದಕ್ಕೆ ಕಟ್ಟುಬಿತ್ತು. ಯಾವನೋ ಗುಮಾಸ್ತನ ಕೈತಪ್ಪು, ಒಂದು ವಂಶದ ಹಣೆಬರಹ.

ಇನ್ನೊಂದು ವಿಚಿತ್ರ ಕೇಳಿ. ಇವತ್ತಿನ ಫ್ರೆಂಚ್‌ನಲ್ಲಿ ಕಮ್ಮಾರನಿಗೆ ಬೇರೆಯೇ ಪದವಿದೆ. 'ಫೆವ್ರ್' ಬಳಕೆಯಿಂದ ಹೋಗಿದೆ. ಅಕ್ಕಸಾಲಿಗನನ್ನು 'ಒರ್ಫೆವ್ರ್' ಅನ್ನುವಾಗ ಅದರ ಬಾಲ ಕೇಳಿಸುತ್ತೆ. ಅದು ಬಿಟ್ಟರೆ ಆ ಪದಕ್ಕೆ ಜನರ ಹೆಸರೇ ಮನೆ.

ನೆಪೋಲಿಯನ್ನನ ಸೇನಾನಿಗಳಲ್ಲಿ ಒಬ್ಬ ಲೆಫೆವ್ರ್ ಇದ್ದ. ಸಾಮಾನ್ಯ ಮನೆಯಿಂದ ಬಂದು ಮಾರ್ಷಲ್ ಆದವನು, ಹೆಂಡತಿ ಬಟ್ಟೆ ಒಗೆಯುತ್ತಿದ್ದವಳು. 1807ರಲ್ಲಿ ಡಾನ್ಸಿಗ್ ಗೆದ್ದುಕೊಟ್ಟಿದ್ದಕ್ಕೆ ಚಕ್ರವರ್ತಿ ಅವನನ್ನು ಡಾನ್ಸಿಗ್‌ನ ಡ್ಯೂಕ್ ಮಾಡಿದ. 1820ರಲ್ಲಿ ಅವನು ಸತ್ತಾಗ ಗಂಡುಮಕ್ಕಳು ಯಾರೂ ಉಳಿದಿರಲಿಲ್ಲ. ಬಿರುದೂ ಅವನ ಜೊತೆಗೇ ಹೋಯಿತು.

ಚಕ್ರವರ್ತಿ ಕೊಟ್ಟ ಹೆಸರು ಒಂದು ತಲೆಮಾರೂ ದಾಟಲಿಲ್ಲ. ಊರ ಜನ ಕೊಟ್ಟ ಹೆಸರು ಎಂಟು ಶತಮಾನ ದಾಟಿದೆ. ಯಾವುದು ದೊಡ್ಡ ಬಿರುದು ಅಂತ ನಾನು ಬೇರೆ ಹೇಳಬೇಕಾ?