ಹುಚ್ಚಾಸ್ಪತ್ರೆಯಿಂದ ನಿಮ್ಹಾನ್ಸ್‌ವರೆಗೆ

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲು ಇಂದಿಗೂ ಹಿಂಜರಿಯುವವರಿದ್ದಾರೆ. ಪಾರ್ಶ್ವವಾಯು, ಮೂರ್ಛೆರೋಗ, ಮಿದುಳಿನ ಗಡ್ಡೆ, ಕಾಯಿಲೆ ಯಾವುದೇ ಇರಲಿ, ಅಲ್ಲಿಗೆ ಹೋದದ್ದು ಗೊತ್ತಾದರೆ ನೆರೆಹೊರೆಯವರು ಏನೆಂದುಕೊಂಡಾರೋ ಎಂಬ ಅಳುಕು. ಹಳಬರ ಬಾಯಲ್ಲಿ ಅದಿನ್ನೂ ‘ಹುಚ್ಚಾಸ್ಪತ್ರೆ’. ಮನಸ್ಸಿನ ಕಾಯಿಲೆ, ಮಿದುಳಿನ ಕಾಯಿಲೆ ಎರಡೂ ಒಂದೇ ಆವರಣದಲ್ಲಿ ಏಕಿರಬೇಕು, ಬೇರೆ ಬೇರೆ ಮಾಡಿದ್ದರೆ ಈ ಅಳುಕೇ ಇರುತ್ತಿರಲಿಲ್ಲವಲ್ಲ ಎಂದು ಕೇಳುವವರೂ ಉಂಟು. ಈ ಪ್ರಶ್ನೆಗೆ ಉತ್ತರ ಆ ಸಂಸ್ಥೆಯ ಚರಿತ್ರೆಯಲ್ಲೇ ಇದೆ.

ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಕಾಲ. 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರು ಬೆಂಗಳೂರಿನ ಪೇಟೆ ಭಾಗದಲ್ಲಿ ಬುದ್ಧಿಭ್ರಮಣೆಯಾದವರಿಗಾಗಿ ಒಂದು ಆಶ್ರಯವನ್ನು ತೆರೆದರು. ಅಂದಿನ ದಿನಗಳಲ್ಲಿ ಎಲ್ಲ ದೇಶಗಳ ಇಂಥ ಆಲಯಗಳಲ್ಲೂ ಮನೋರೋಗಿಗಳ ಜೊತೆಗೇ ಮೂರ್ಛೆರೋಗಿಗಳು, ಬುದ್ಧಿಮಾಂದ್ಯರು, ಮಿದುಳಿಗೆ ಸೋಂಕು ತಗುಲಿದವರು ಇರುತ್ತಿದ್ದರು. ಯಾರಿಗೆ ಏನಾಗಿದೆ ಎಂದು ಬೇರ್ಪಡಿಸಿ ಹೇಳುವ ವಿದ್ಯೆ ಆಗ ಬೆಳೆದಿರಲಿಲ್ಲ. ಹುಚ್ಚಿನ ಜೊತೆಗೆ ಅಂಗಾಂಗಗಳೂ ಸ್ವಾಧೀನ ತಪ್ಪುವ ಒಂದು ಬಗೆಯ ಕಾಯಿಲೆಯಿಂದ ಯೂರೋಪಿನ ಆಲಯಗಳಲ್ಲಿ ಸಾವಿರಾರು ಜನ ಸಾಯುತ್ತಿದ್ದರು. ಅಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣು ಇರುವುದು 1913ರಲ್ಲಿ ಪತ್ತೆಯಾಯಿತು. ಮುಂದೆ ಪೆನಿಸಿಲಿನ್ ಬಂದಾಗ ಆ ‘ಹುಚ್ಚಿ’ಗೆ ಔಷಧಿಯೂ ಸಿಕ್ಕಿತು. ಮನಸ್ಸಿನ ರೋಗವೆಂದು ಬಗೆದದ್ದು ಮಿದುಳಿನ ರೋಗವಾಗಿರಬಹುದೆಂಬ ಅರಿವು ಹೀಗೆ ಗಟ್ಟಿಯಾಯಿತು.

1925ರಲ್ಲಿ ಬೆಂಗಳೂರಿನ ಸಂಸ್ಥೆಗೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಡಾ. ಫ್ರಾಂಕ್ ನೊರೊನ್ಹಾ ಅವರ ಯೋಜನೆ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ 1930ರ ದಶಕದಲ್ಲಿ ಅದು ಲಕ್ಕಸಂದ್ರದ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು. ನೊರೊನ್ಹಾ ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅವರು ಅದನ್ನು ಸಂಶೋಧನೆಯ ಕಡೆಗೆ ತಿರುಗಿಸಿದರು. ಆ ಕಾಲದ ಸಂಶೋಧನೆಯೆಲ್ಲ ಇಂದು ಮೆಚ್ಚುವಂಥದ್ದಲ್ಲ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಫಲಿತಾಂಶಗಳನ್ನು ಅವರೂ ಶಸ್ತ್ರವೈದ್ಯ ಬಿ.ಎನ್. ಬಾಲಕೃಷ್ಣರಾವ್ ಅವರೂ 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರಿಣಾಮಕಾರಿ ಮಾತ್ರೆಗಳಿಲ್ಲದ ಆ ದಿನಗಳಲ್ಲಿ ಪ್ರಪಂಚದ ಅನೇಕ ಕಡೆ ನಡೆಯುತ್ತಿದ್ದ ಈ ಚಿಕಿತ್ಸೆಯನ್ನು ಅದರ ಹಾನಿ ಕಂಡ ಮೇಲೆ ವೈದ್ಯಲೋಕ ಕೈಬಿಟ್ಟಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ವರದಿ ನೀಡಿದ ಭೋರ್ ಸಮಿತಿಯ ಪ್ರಕಾರ ಸುಮಾರು 40 ಕೋಟಿ ಜನಸಂಖ್ಯೆಯ ದೇಶದಲ್ಲಿ ಮಾನಸಿಕ ಆಸ್ಪತ್ರೆಗಳ ಹಾಸಿಗೆಗಳಿದ್ದುದು 10 ಸಾವಿರದಷ್ಟು ಮಾತ್ರ. ತರಬೇತಾದ ತಜ್ಞರಂತೂ ಇರಲಿಲ್ಲವೆಂದೇ ಹೇಳಬೇಕು. ಸಮಿತಿಯ ಶಿಫಾರಸಿನಂತೆ 1954ರಲ್ಲಿ ಲಕ್ಕಸಂದ್ರದ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಆ ದಶಕದ ಕೊನೆಯಲ್ಲಿ ಬಂದ ಡಾ. ಆರ್.ಎಂ. ವರ್ಮ ಅವರಿಂದ ಮಿದುಳಿನ ಶಸ್ತ್ರಚಿಕಿತ್ಸೆಗೂ ನೆಲೆ ಸಿಕ್ಕಿತು. ಪಾರ್ಕಿನ್‌ಸನ್ ರೋಗಿಗಳಿಗೆ ತಲೆಬುರುಡೆ ತೆರೆಯದೆ, ಅದರ ತಳದ ಸಹಜ ರಂಧ್ರದ ಮೂಲಕ ಸೂಜಿ ತೂರಿಸಿ ಚಿಕಿತ್ಸೆ ಮಾಡುವ ವಿಧಾನವನ್ನು ಅವರು ರೂಪಿಸಿದರು. ರಾಜ್ಯ ಸರ್ಕಾರದ ಆಸ್ಪತ್ರೆ, ಕೇಂದ್ರದ ಸಂಸ್ಥೆ ಎರಡೂ 1974ರ ಡಿಸೆಂಬರ್ 27ರಂದು ಒಂದಾದವು. ಅದೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್.

ಈ ಸೇರುವಿಕೆಯಿಂದ ರೋಗಿಗಾದ ಲಾಭವನ್ನು ನಮ್ಮ ಬಚ್ಚಲುಮನೆಯ ಉದಾಹರಣೆಯಿಂದಲೇ ತಿಳಿಯಬಹುದು. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಇದನ್ನು ಗಾಳಿ ಸೋಕಿದ್ದೆಂದೋ ಗ್ರಹಚಾರವೆಂದೋ ಭಾವಿಸಿ ಹರಕೆ ಹೊತ್ತವರಿದ್ದರು. ಬೆಂಗಳೂರಿನ ನರರೋಗ ತಜ್ಞರು ಇದರ ಬೆನ್ನುಹತ್ತಿದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಪರಿಹಾರ ಬಹುಮಟ್ಟಿಗೆ ಸರಳ: ಉಗುರುಬೆಚ್ಚಗಿನ ನೀರು, ಬೇಕಾದರೆ ಸ್ನಾನಕ್ಕೆ ಮುನ್ನ ವೈದ್ಯರು ಹೇಳಿದ ಮಾತ್ರೆ.

ಆದರೆ ಜನರ ಭಾವನೆಗಿಂತ ಕಾನೂನೇನೂ ಮುಂದಿರಲಿಲ್ಲ. 1976ರ ತಿದ್ದುಪಡಿಯ ನಂತರದ ಹಿಂದೂ ವಿವಾಹ ಕಾಯಿದೆ, ಪದೇ ಪದೇ ಮರುಕಳಿಸುವ ಹುಚ್ಚು ಮತ್ತು ಮೂರ್ಛೆಗಳನ್ನು ಒಂದೇ ಸಾಲಿನಲ್ಲಿಟ್ಟು, ಎರಡನ್ನೂ ಮದುವೆಗೆ ಅಡ್ಡಿಯೆಂದು ಸಾರಿತ್ತು. ಮೂರ್ಛೆರೋಗವುಳ್ಳ ಹೆಣ್ಣುಮಕ್ಕಳಿಗೆ ಇದು ಕುತ್ತಿಗೆಯ ಮೇಲಿನ ಕತ್ತಿಯಾಗಿತ್ತು. ಭಾರತೀಯ ಅಪಸ್ಮಾರ ಸಂಘ ನಡೆಸಿದ ಹೋರಾಟದ ಫಲವಾಗಿ 1999ರಲ್ಲಿ ಆ ಪದವನ್ನು ಕಾಯಿದೆಯಿಂದ ತೆಗೆಯಲಾಯಿತು. ಈ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಾ. ಕೆ.ಎಸ್. ಮಣಿ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ನರರೋಗ ವಿಭಾಗವನ್ನು ಬೆಳೆಸಿದವರು ಎಂಬುದು ಗಮನಾರ್ಹ.

ಇತ್ತ ಮನೋವೈದ್ಯರೂ ಗೋಡೆಯಾಚೆ ಹೆಜ್ಜೆ ಇಟ್ಟಿದ್ದರು. 1970ರ ದಶಕದಲ್ಲಿ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕಾರ್ಯಕರ್ತರು ಹಳ್ಳಿಗಳಲ್ಲಿ ಹುಡುಕಿದ್ದು ಮನೋರೋಗಿಗಳನ್ನಷ್ಟೇ ಅಲ್ಲ, ಮೂರ್ಛೆರೋಗಿಗಳನ್ನೂ.

1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುತುವರ್ಜಿಯಿಂದ ಇಲ್ಲಿ ಮಾನವ ಮಿದುಳಿನ ಬ್ಯಾಂಕ್ ಸ್ಥಾಪನೆಯಾಯಿತು. ದುಃಖದ ಗಳಿಗೆಯಲ್ಲೂ ಕುಟುಂಬದವರು ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧನೆಗೆ ಆಧಾರವಾಗಿವೆ. 2012ರ ಕಾಯಿದೆ ನಿಮ್ಹಾನ್ಸ್‌ಗೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನ ನೀಡಿತು.

ಒಂದೇ ಆವರಣ ಏಕೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಂದು ಎಲ್ಲರನ್ನೂ ಒಟ್ಟಿಗೆ ಕೂಡಿಟ್ಟದ್ದು ಅಜ್ಞಾನದಿಂದ. ಇಂದು ಎಲ್ಲರಿಗೂ ಒಂದೆಡೆ ಚಿಕಿತ್ಸೆ ನೀಡುತ್ತಿರುವುದು ಅರಿವಿನಿಂದ. ಪಾರ್ಕಿನ್‌ಸನ್ ಬಂದವರನ್ನು ಖಿನ್ನತೆಯೂ ಕಾಡುತ್ತದೆ. ಮಿದುಳಿನ ಗಡ್ಡೆ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದೇ ನಡತೆಯ ಏರುಪೇರಿನಲ್ಲಿ. ಅಂಥ ರೋಗಿಯನ್ನು ಎರಡು ವಿಭಾಗಗಳ ವೈದ್ಯರು ಕೂಡಿ ನೋಡುವ ತಾಣಕ್ಕೆ ಕರೆದೊಯ್ಯಲು ಮನೆಯವರು ನಾಚಬೇಕಾದ್ದೇನೂ ಇಲ್ಲ. ನಾಚಿ ತಡಮಾಡಿದರೆ ನಷ್ಟ ರೋಗಿಗೇ.