ದಾವೆಯ ಪುಸ್ತಕದ ಒಂದು ಸಾಲು

ಕೋರ್ಟಿನ ಕಟ್ಟೆ ಹತ್ತಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನೂ ಅದಕ್ಕೆ ಸೇರಿಸುತ್ತಿದ್ದರು. ಆದರೆ ಹತ್ತಿ ಇಳಿದವರು ಅಲ್ಲಿ ಬಿಟ್ಟುಹೋದ ಕಾಗದಗಳನ್ನು ಓದಬಾರದೆಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಕಲ್ಲಿನ ಶಾಸನವೆಂದರೆ ನಮಗೆ ಬಹಳ ಗೌರವ. ಬಿ. ಎಲ್. ರೈಸರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ಸೀಮೆಯ ಶಾಸನಗಳು ಅಚ್ಚಾಗಿವೆ. ಅದರಲ್ಲಿ ಅರಸರಿದ್ದಾರೆ, ದಂಡನಾಯಕರಿದ್ದಾರೆ, ದತ್ತಿ ಬಿಟ್ಟ ಹೆಗ್ಗಡೆಗಳಿದ್ದಾರೆ. ನಿಮ್ಮ ಮುತ್ತಜ್ಜನನ್ನು ಅಲ್ಲಿ ಹುಡುಕಿದರೆ ಸಿಕ್ಕುವುದು ಕಷ್ಟ. ಅವನು ಸಾಲ ಮಾಡಿದ್ದರೆ, ಬದುವಿನ ಜಗಳ ಆಡಿದ್ದರೆ, ನಾಲೆಯ ನೀರು ತಿರುಗಿಸಿ ನೆರೆಯವನಿಂದ ಬೈಸಿಕೊಂಡಿದ್ದರೆ, ಅವನ ಹೆಸರು ಇರುವ ಸ್ಥಳ ಬೇರೆ. ಅದು ದಾವೆಯ ಪುಸ್ತಕ.

ಸೂಳೆಕೆರೆಯ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಎರಡು ಗುಡ್ಡಗಳ ನಡುವೆ ಹರಿದ ಹಳ್ಳಕ್ಕೆ ಸುಮಾರು 950 ಅಡಿ ಉದ್ದದ ಏರಿಯನ್ನು ಕಟ್ಟಿ ಇಷ್ಟು ದೊಡ್ಡ ಸಾಗರವನ್ನು ನಿಲ್ಲಿಸಿದವಳು ರಾಜಕುಮಾರಿ ಶಾಂತವ್ವೆ, ಕೆರೆಗೆ ಬೇಕಾದ ನೆಲ ಸೂಳೆಯರದು, ತಮ್ಮ ಹೆಸರನ್ನು ಕೆರೆಗೆ ಇಡುವುದಾದರೆ ನೆಲ ಕೊಡುತ್ತೇವೆಂದು ಅವರು ಕರಾರು ಹಾಕಿದರು, ಅವಳು ಒಪ್ಪಿದಳು. ಇದು ಜನರು ಹೇಳುತ್ತ ಬಂದ ಕಥೆ. ಸರಕಾರದವರು ಶಾಂತಿಸಾಗರವೆಂದು ಬರೆದುಕೊಂಡರೂ ಬಸ್ಸಿನಲ್ಲಿ ಟಿಕೆಟು ಕೇಳುವವರು ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ. ಕರಾರಿನ ಓಲೆ ಇಲ್ಲ, ಸಾಕ್ಷಿಗಳ ರುಜು ಇಲ್ಲ, ಹೆಸರೊಂದೇ ದಾಖಲೆ. ನೆಲ ಬಿಟ್ಟುಕೊಟ್ಟವರ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ದಾಖಲೆ ಮತ್ತೊಂದನ್ನು ನಾನು ಕಂಡಿಲ್ಲ. ಆದರೆ ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. ಈ ಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂದು ಎರಡು ನಾಲೆಗಳು ಹೊರಡುತ್ತವೆ. ಅವುಗಳ ಕೆಳಗಿನ ಗದ್ದೆಗಳಲ್ಲಿ ಯಾರು ಯಾರಿಗೆ ಏನು ಬಿಟ್ಟುಕೊಟ್ಟರೆಂಬುದನ್ನು ಮನೆಮನೆಯಲ್ಲಿ ಒಂದೊಂದು ಬಗೆಯಾಗಿ ಹೇಳುತ್ತಾರೆ.

ಅಂಥ ಒಂದು ಮನೆಯ ಹುಡುಗ, ನನ್ನ ಹಳೆಯ ಶಿಷ್ಯ, ಹಿಂದಿನ ಬೇಸಗೆಯಲ್ಲಿ ನನ್ನ ಬಳಿಗೆ ಬಂದ. “ಮೇಷ್ಟ್ರೇ, ಬಸವನಾಲೆಯ ಕೆಳಗೆ ನಮ್ಮದೊಂದು ಗದ್ದೆ ಇತ್ತಂತೆ. ತಾತನ ತಮ್ಮ ಕೋರ್ಟಿನಲ್ಲಿ ದಾವೆ ಹಾಕಿ ಗೆದ್ದುಕೊಂಡನಂತೆ. ಅಜ್ಜಿ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ” ಎಂದ. ಅಜ್ಜಿಗೆ ಎಂಬತ್ತು ದಾಟಿದೆ. ಆ ಮನೆ ಇವರ ಮನೆಯಿಂದ ನಾಲ್ಕನೆಯದು. ದಾವೆಯ ನಂಬರು ಗೊತ್ತೇ ಎಂದು ಕೇಳಿದೆ. ಇಲ್ಲ. ಯಾವ ವರ್ಷ? ಅದೂ ಇಲ್ಲ. ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ಒಂದು ಹರಿದ ಕಾಗದವನ್ನು ಮಾತ್ರ ತಂದಿದ್ದ. ಸಾಲದ ಪತ್ರದ ನಕಲು. ಮೇಲೆ ಹೇವಿಳಂಬಿ ಸಂವತ್ಸರವೆಂದು ಇತ್ತು; ರೂಪಾಯಿಯ ಮೊತ್ತ ಹುಳದ ಪಾಲಾಗಿತ್ತು.

ನಂಬರಿಲ್ಲದವರು ಇಲ್ಲಿಯೇ ಕೈಬಿಡುತ್ತಾರೆ, ಬಿಡಬೇಕಾಗಿಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಪ್ರಭವ 1867ರಲ್ಲಿ ಬಂತು, 1927ರಲ್ಲಿ ಬಂತು, 1987ರಲ್ಲಿ ಬಂತು. ಹೇವಿಳಂಬಿ ಅದರಿಂದ ಮೂವತ್ತೊಂದನೆಯದು. ಎಂದರೆ 1897, 1957, 2017ರ ಯುಗಾದಿಗಳಿಂದ ಒಂದೊಂದು ವರ್ಷ. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ನಡೆದ ಸಂಗತಿಯಾದ್ದರಿಂದ ನಡುವಿನದೇ ನಮಗೆ ಬೇಕಾದದ್ದು. ಇನ್ನು ಇಂಥ ಪ್ರಾಮಿಸರಿ ನೋಟಿನ ಮೇಲೆ ದಾವೆ ಹೂಡಲು ಕಾನೂನು ಕೊಡುವ ವಾಯಿದೆ ಮೂರು ವರ್ಷ. ನಡುವೆ ಸ್ವಲ್ಪ ಹಣ ಸಂದಾಯವಾಗಿದ್ದರೆ ಆ ವಾಯಿದೆ ಮುಂದಕ್ಕೆ ಹೋಗಬಹುದು. ಹಾಗಾದರೆ ಮೊದಲು ನೋಡಬೇಕಾದದ್ದು 1957ರಿಂದ 1961ರವರೆಗಿನ ಪುಸ್ತಕಗಳು. ಬೆಟ್ಟದಷ್ಟಿದ್ದ ಹುಲ್ಲು ಒಂದು ಹೊರೆಗೆ ಇಳಿಯಿತು.

ಆದರೆ ಯಾವ ಊರಿನ ಪುಸ್ತಕಗಳು? ಹುಡುಗ ಚನ್ನಗಿರಿಗೆ ಹೋದ, ದಾವಣಗೆರೆಗೆ ಹೋದ. ಒಂದು ಕಚೇರಿಯಲ್ಲಿ ನಾಳೆ ಬಾ ಎಂದರು, ಇನ್ನೊಂದರಲ್ಲಿ ಅಷ್ಟನ್ನೂ ಹೇಳಲಿಲ್ಲ. ತಪ್ಪು ಅವನದೂ ಇತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು, ಹರಿಹರಗಳು ಚಿತ್ರದುರ್ಗಕ್ಕೆ. ನ್ಯಾಮತಿ ಈಚೆಗೆ ತಾಲ್ಲೂಕಾಗುವ ಮೊದಲು ಹೊನ್ನಾಳಿಯ ಭಾಗ. ಊರು ಇದ್ದಲ್ಲಿಯೇ ಇರುತ್ತದೆ, ಜಿಲ್ಲೆ ನಡೆದಾಡುತ್ತದೆ, ಕಾಗದ ಎಷ್ಟೋ ವೇಳೆ ಹಳೆಯ ಜಿಲ್ಲೆಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ನಿಮ್ಮ ಊರು ಇಂದು ಎಲ್ಲಿದೆ ಎಂದು ಕೇಳಬೇಡಿ; ದಾವೆಯ ದಿನ ಎಲ್ಲಿತ್ತೆಂದು ಕೇಳಿ. ಆ ಕಾಲದಲ್ಲಿ ಮುನ್ಸೀಫ್ ಕೋರ್ಟು ಎನ್ನುತ್ತಿದ್ದುದನ್ನು ಈಗ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವೆನ್ನುತ್ತಾರೆ. ಇದನ್ನೂ ನೆನಪಿಡಬೇಕು.

ಇನ್ನೂ ಹಿಂದಕ್ಕೆ ಹೋಗುವವರಿಗೆ ದಾರಿ ಬೇರೆ. ಮೈಸೂರಿನ ಚೀಫ್ ಕೋರ್ಟು 1884ರಲ್ಲಿ ಹುಟ್ಟಿ 1930ರಲ್ಲಿ ಹೈಕೋರ್ಟಾಯಿತು. ಅದಕ್ಕೂ ಮುಂಚೆ, ಕಬ್ಬನ್ ಸಾಹೇಬರು ಕಮಿಷನರಾಗಿದ್ದ ಕಾಲದಲ್ಲಿ, ಅಮಲ್ದಾರರೂ ಮುನ್ಸೀಫರೂ ವ್ಯಾಜ್ಯ ಕೇಳುತ್ತಿದ್ದರು. ಮೇಲೆ ಹುಜೂರ್ ಅದಾಲತ್ ಇತ್ತು. ಕಮಿಷನರ ಕಾಲದ ಸರಕಾರಿ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡಬಹುದು. ಆಗಿನ ಕೆಲವು ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ಅದನ್ನು ಓದಬಲ್ಲವರು ನಿಮ್ಮ ಊರಿನಲ್ಲಿ ಒಬ್ಬರಿದ್ದರೆ ಅವರನ್ನು ಮೊದಲು ಹೋಗಿ ಕಾಣಿ.

ಅಂತೂ ಹಳೆಯ ಜಿಲ್ಲೆಯ ಒಂದು ರಿಕಾರ್ಡು ಕೋಣೆಯಲ್ಲಿ ಪುಸ್ತಕ ಸಿಕ್ಕಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಪ್ರತಿಯೊಂದು ಸಿವಿಲ್ ಕೋರ್ಟೂ ದಾವೆಗಳ ರಿಜಿಸ್ಟರನ್ನು ಇಡಬೇಕು. ದಾವೆಗಳಿಗೆ ಪ್ರತಿವರ್ಷ ಒಂದರಿಂದ ಮೊದಲಾಗಿ ನಂಬರು ಕೊಡಬೇಕು. ನಂಬರಿನೊಡನೆ ವರ್ಷವನ್ನು ಹೇಳದಿದ್ದರೆ ಏನೂ ತಿಳಿಯದಿರುವುದು ಇದರಿಂದಲೇ. ಪುಸ್ತಕದ ಎರಡು ಪುಟಗಳಿಗೂ ಅಡ್ಡಲಾಗಿ ಒಂದು ದಾವೆಗೆ ಒಂದು ಸಾಲು. ಎಡದಿಂದ ನೋಡುತ್ತ ಹೋದರೆ ಅರ್ಜಿ ಬಂದ ದಿನ, ನಂಬರು, ವಾದಿಯ ಹೆಸರು, ವಿವರ, ವಾಸ, ಪ್ರತಿವಾದಿಯದೂ ಹಾಗೆಯೇ. ಅನಂತರ ದಾವೆ ಏನೆಂಬುದು, ಅದರ ಬೆಲೆ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನ, ಯಾರು ಹಾಜರಾದರು, ತೀರ್ಪು ಯಾವ ದಿನ, ಯಾರ ಪರ, ಎಷ್ಟಕ್ಕೆ, ಅಪೀಲು ಏನಾಯಿತು. ಕೊನೆಯಲ್ಲಿ ಅಮಲ್ಜಾರಿ, ಎಂದರೆ ಡಿಕ್ರಿಯನ್ನು ಜಾರಿಗೆ ತಂದ ಬಗೆ: ಯಾರ ಮೇಲೆ, ಎಷ್ಟಕ್ಕೆ, ಕೋರ್ಟಿಗೆ ಕಟ್ಟಿದ ಹಣವೆಷ್ಟು, ಯಾರನ್ನಾದರೂ ಹಿಡಿದರೇ. ಬಹಳ ಮಂದಿ ತೀರ್ಪಿನ ಕಲಮು ನೋಡಿ ಪುಸ್ತಕ ಮುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಕ್ರಿಯಾದದ್ದು ಒಂದು ಸಂಗತಿ, ಅದರಿಂದ ಮನೆಯಲ್ಲಿ ಏನಾಯಿತೆಂಬುದು ಮತ್ತೊಂದು. ಈ ಎರಡನೆಯದು ಬಲತುದಿಯ ಕಲಮುಗಳಲ್ಲಿ ಇರುತ್ತದೆ.

ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನು, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ವ್ಯವಹಾರಕ್ಕೆ, ಎಂದರೆ ನ್ಯಾಯದ ನಡೆಗೆ, ನಾಲ್ಕು ಕಾಲುಗಳೆಂದು ಅಲ್ಲಿ ಹೇಳಿದೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ತೋರಿಸುವ ಕ್ರಿಯೆ, ಕೊನೆಗೆ ಸಿದ್ಧಿ. ದಾವೆಯ ರಿಜಿಸ್ಟರನ್ನು ಇದಕ್ಕೆ ಹೋಲಿಸಿ ನೋಡಿ. ಮೊದಲನೆಯ ಕಾಲಿದೆ, ನಾಲ್ಕನೆಯದಿದೆ. ಉತ್ತರವೂ ಸಾಕ್ಷ್ಯವೂ ಇಲ್ಲ. ಅವು ಇರುವುದು ಮೊಕದ್ದಮೆಯ ಕಡತದಲ್ಲಿ. ಆ ಕಡತಗಳನ್ನೋ 1917ರ ದಾಖಲೆಗಳ ನಾಶದ ಕಾನೂನಿನಂತೆ ಹೈಕೋರ್ಟು ಮಾಡಿದ ನಿಯಮಗಳ ಪ್ರಕಾರ, ಇಂತಿಷ್ಟು ವರ್ಷವಾದ ಮೇಲೆ, ಬೇರೆ ಬೇರೆ ಭಾಗಗಳಾಗಿ ಹಾಳುಮಾಡುತ್ತಾರೆ. ತೀರ್ಪು, ಡಿಕ್ರಿಗಳು ಹೆಚ್ಚು ಕಾಲ ಬದುಕುತ್ತವೆ. ಸಾಕ್ಷಿಗಳ ಮಾತು ಮೊದಲು ಹೋಗುತ್ತದೆ. ಸ್ಥಳವಿಲ್ಲದ ಕಚೇರಿಯವರನ್ನು ಇದಕ್ಕಾಗಿ ಬೈಯುವುದು ಸುಲಭ. ನನಗೂ ಹೊಟ್ಟೆ ಉರಿದಿದೆ.

ಭಾಷೆಯ ಮಾತನ್ನೂ ಹೇಳಬೇಕು. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ, ಉರುಫ್ ಎಂದರೆ ಅಡ್ಡಹೆಸರು, ಮಜಕೂರು ಎಂದರೆ ಮೇಲೆ ಹೇಳಿದ, ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ಷರಾ ಎಂದರೆ ಅಂಚಿನ ಟಿಪ್ಪಣಿ. ನ್ಯಾಯವನ್ನು ಸಂಸ್ಕೃತದಲ್ಲಿ ಶಾಸ್ತ್ರ ಮಾಡಿದ ನಾಡಿನಲ್ಲಿ ಕಟ್ಟೆಯ ಮಾತೆಲ್ಲ ಪಾರಸಿ, ಅರಬ್ಬಿಯಿಂದ ಬಂದದ್ದು ನೋಡಿ ಪಂಡಿತರಿಗೆ ಬೇಸರವಾಗಬಹುದು. ರೈತನಿಗೆ ಆಗಿಲ್ಲ, ಅವನು ಅವನ್ನು ಎಂದೋ ಕನ್ನಡ ಮಾಡಿಕೊಂಡ. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ತೊಡಕು ಬೇರೆ. ಒಂದೇ ಹೆಸರು ಒಂದು ಪುಟದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಕಣ್ಣಿನಿಂದ ಹುಡುಕಬೇಡಿ; ಮೆಲ್ಲಗೆ ಉಚ್ಚರಿಸುತ್ತ ಕಿವಿಯಿಂದ ಹುಡುಕಿ.

ಪುರಸಭೆಯ ಮೊಕದ್ದಮೆಗಳ ಬಗ್ಗೆ ಕೆಲವರು ಕೇಳಿದ್ದಾರೆ. ಪುರಸಭೆಗೆ ಸ್ವಂತ ಕೋರ್ಟಿಲ್ಲ. ಬೀದಿಗೆ ಬಚ್ಚಲ ನೀರು ಬಿಟ್ಟವನನ್ನೂ ಅನುಮತಿಯಿಲ್ಲದೆ ಗೋಡೆ ಎಬ್ಬಿಸಿದವನನ್ನೂ ಮ್ಯಾಜಿಸ್ಟ್ರೇಟರ ಮುಂದೆಯೇ ನಿಲ್ಲಿಸಬೇಕು. ಇಂಥ ಚಿಕ್ಕ ಮೊಕದ್ದಮೆಗಳನ್ನು ಸಂಕ್ಷಿಪ್ತವಾಗಿ ವಿಚಾರಿಸುವಾಗ ಬರೆದಿಡಬೇಕಾದ ಅಂಶಗಳನ್ನು 1898ರ ದಂಡ ಪ್ರಕ್ರಿಯಾ ಸಂಹಿತೆಯೇ ಹೇಳಿತ್ತು: ಅಪರಾಧದ ದಿನ, ದೂರು ಕೊಟ್ಟವನು, ಆಪಾದಿತನ ಹೆಸರು, ಅವನ ತಂದೆಯ ಹೆಸರು, ವಾಸ, ಅವನು ಒಪ್ಪಿದನೋ ಇಲ್ಲವೋ, ಶಿಕ್ಷೆ. ತಂದೆಯ ಹೆಸರೂ ವಾಸವೂ ಇರುವುದರಿಂದ ವಂಶಾವಳಿ ಹುಡುಕುವವರಿಗೆ ಇದೊಂದು ನಿಧಿ. ಜತೆಗೆ ಅದೇ ಕಾಲದ ಪುರಸಭೆಯ ನಡವಳಿ ಪುಸ್ತಕವನ್ನೂ ನೋಡಿದರೆ ಯಾವ ಬೀದಿಯ ಯಾವ ಗೋಡೆ ಎಂಬುದೂ ತಿಳಿದೀತು.

ನಮ್ಮ ಹುಡುಗನ ಸಾಲಿಗೆ ಬರೋಣ. ಅದು 1960ರ ಪುಸ್ತಕದಲ್ಲಿತ್ತು. ವಾದಿ ತಾತನ ತಮ್ಮನಲ್ಲ. ಪೇಟೆಯ ಒಬ್ಬ ಸಾಹುಕಾರ. ಒಂದನೆಯ ಪ್ರತಿವಾದಿ ತಾತ, ಎರಡನೆಯ ಪ್ರತಿವಾದಿ ಆ ತಮ್ಮ. ಹಾಜರಿಯ ಕಲಮಿನಲ್ಲಿ ತಾತನ ಎದುರಿಗೆ ಗೈರುಹಾಜರು ಎಂದಿದೆ. ಡಿಕ್ರಿ ಇಬ್ಬರ ಮೇಲೂ ಆಗಿದೆ. ಬಲತುದಿಯಲ್ಲಿ, ಪೂರ್ತಾ ಹಣ ಕೋರ್ಟಿಗೆ ಸಂದಿತು ಎಂಬಲ್ಲಿ, ಸಣ್ಣ ಅಕ್ಷರದ ಒಂದು ಷರಾ: ಎರಡನೆಯ ಪ್ರತಿವಾದಿಯಿಂದ.

ಹುಡುಗ ನಕಲು ಅರ್ಜಿ ಹಾಕಿ ದೃಢೀಕರಿಸಿದ ನಕಲನ್ನು ತಂದು ಅಜ್ಜಿಗೆ ಓದಿ ಹೇಳಿದ, ನಾನೂ ಇದ್ದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರೆ ಅವನು ದಾವೆ ಹಾಕ್ಲಿಲ್ವಾ?” ಎಂದಳು. ಹಾಕಲಿಲ್ಲ. “ಗದ್ದೆ ಅವನ ಹೆಸರಿಗೆ ಹೆಂಗೆ ಹೋಯ್ತು?”

ಅದು ಸರಿಯಾದ ಪ್ರಶ್ನೆ, ಮತ್ತು ದಾವೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಸಾಲ ತೀರಿಸಿದವನಿಗೆ ಅಣ್ಣ ತನ್ನ ಪಾಲನ್ನು ಬಿಟ್ಟುಕೊಟ್ಟಿರಬಹುದು. ಸಾಲ ತೀರಿಸಿದ ನೆಪದಲ್ಲಿ ತಮ್ಮ ಹೆಚ್ಚು ಬರೆಸಿಕೊಂಡಿರಲೂಬಹುದು. ಕೋರ್ಟಿನ ಕಾಗದ ಒಂದು ಸುಳ್ಳನ್ನು ಅಳಿಸಿತೆಂದ ಮಾತ್ರಕ್ಕೆ ಉಳಿದುದನ್ನೆಲ್ಲ ನಾವು ಊಹಿಸಿ ತುಂಬಬಾರದು. ಮುಂದಿನ ಹುಡುಕಾಟ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ. ಸ್ಥಿರಾಸ್ತಿಯ ಪತ್ರಗಳನ್ನು ಅಲ್ಲಿ ಒಂದನೆಯ ಪುಸ್ತಕದಲ್ಲಿ ನಕಲು ಮಾಡಿರುತ್ತಾರೆ. ಅದಕ್ಕೆ ಎರಡು ಸೂಚಿಗಳು: ಒಂದು ಹೆಸರುಗಳದು, ಇನ್ನೊಂದು ಜಮೀನುಗಳದು. ಫೀಜು ಕಟ್ಟಿದ ಯಾರೇ ಆಗಲಿ ಅವನ್ನು ನೋಡಬಹುದು. ಸರ್ವೆ ನಂಬರು ಗೊತ್ತಿದ್ದರೆ ಎರಡನೆಯ ಸೂಚಿಯಿಂದ ಹೊರಡುವುದು ಮೇಲು. ಹೆಸರು ತಪ್ಪಿ ಬರೆದಿದ್ದರೂ ನೆಲ ಸಿಕ್ಕುತ್ತದೆ.

ಸೋಮವಾರ ಹೋಗುವುದೆಂದು ಗೊತ್ತುಮಾಡಿದ್ದಾರೆ. ನೀವು ಬರುವುದು ಬೇಡ, ಬಿಸಿಲು ಎಂದು ಹುಡುಗ ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ಬಸ್ಸಿಗೆ ಹೋಗುವ ದಾರಿಯಲ್ಲಿ ನಾಲ್ಕನೆಯ ಮನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕಂತೆ.