ಕೊಳದಿಂದ ಕಣಿವೆಗೆ: ಪರಿಸರ ವಿಜ್ಞಾನದ ಚರಿತ್ರೆಯಲ್ಲಿ ಇಬ್ಬರು ವಿದ್ಯಾರ್ಥಿಗಳು

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಚಾರ್ಯರ ಹೆಸರುಗಳನ್ನು ಹಿಡಿದು ನಡೆಯುವರು. ರಾಜವಂಶಗಳ ಚರಿತ್ರೆಯಲ್ಲಿ ನಾವು ಅರಸರ ಹೆಸರುಗಳನ್ನು ಹಿಡಿದು ನಡೆಯುವಂತೆಯೇ ಇದು. ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುವುದು. ಮಣ್ಣು ಹೊತ್ತವರ ಹೆಸರು ಉಳಿಯುವುದು ವಿರಳ. ಪರಿಸರ ವಿಜ್ಞಾನದಲ್ಲಿ, ಅದರಲ್ಲಿಯೂ ಜಲಾನಯನ ಪ್ರದೇಶಗಳ ಅಭ್ಯಾಸದಲ್ಲಿ, ಹೀಗೆ ಮಣ್ಣು ಹೊತ್ತವರಲ್ಲಿ ಸಂಶೋಧನ ವಿದ್ಯಾರ್ಥಿಗಳು ಅನೇಕರು. ಅವರ ಮಹಾಪ್ರಬಂಧಗಳನ್ನು ಪದವಿಗಾಗಿ ಬರೆದ ಕಾಗದಗಳೆಂದು ಬದಿಗಿಡದೆ, ಚರಿತ್ರೆಯ ಮೂಲಾಧಾರಗಳೆಂದು ಓದಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಇಬ್ಬರ ಕೆಲಸವನ್ನು ಇಲ್ಲಿ ಎತ್ತಿಕೊಂಡಿರುವೆವು. ಒಬ್ಬರು 1941ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ರೇಮಂಡ್ ಲಿಂಡೆಮನ್. ಇನ್ನೊಬ್ಬರು 1971ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಅದೇ ಪದವಿಯನ್ನು ಪಡೆದ ಸ್ಟುವರ್ಟ್ ಫಿಶರ್. ಮೊದಲನೆಯವರು ಒಂದು ಕೊಳವನ್ನು ಅಳೆದರು; ಎರಡನೆಯವರು ಒಂದು ತೊರೆಯನ್ನು. ನಡುವಣ ಮೂವತ್ತು ವರ್ಷಗಳಲ್ಲಿ ವಿದ್ವಾಂಸರ ದೃಷ್ಟಿಯು ನೀರಿನಿಂದ, ನೀರು ಹರಿದುಬರುವ ನೆಲದ ಕಡೆಗೆ ತಿರುಗಿತು.

ಲಿಂಡೆಮನ್ನರು 1915ರಲ್ಲಿ ಮಿನೆಸೋಟದ ಒಂದು ರೈತಕುಟುಂಬದಲ್ಲಿ ಹುಟ್ಟಿದವರು. ಅವರು ಆರಿಸಿಕೊಂಡದ್ದು ಸೀಡರ್ ಬಾಗ್ ಎಂಬ ಮುದಿ ಸರೋವರ. ಆಳ ಸುಮಾರು ಒಂದು ಮೀಟರ್. ಹೂಳು ತುಂಬಿ ಜೌಗಾಗುತ್ತಿದ್ದ ನೀರು. ವಿಹಾರಕ್ಕಾಗಲಿ ಮೀನುಗಾರಿಕೆಗಾಗಲಿ ಯಾರೂ ಅರಸಿಹೋಗದ ಸ್ಥಳವೆಂದೇ ಹೇಳಬೇಕು. ಸುಮಾರು ಐದು ವರ್ಷಗಳ ಕಾಲ, ಬೇಸಗೆಯಲ್ಲಿಯೂ ಹಿಮಗಟ್ಟಿದ ಚಳಿಗಾಲದಲ್ಲಿಯೂ, ಅವರು ಅಲ್ಲಿಯ ಪಾಚಿ, ಜಲಸಸ್ಯ, ಹುಳು, ಮೀನುಗಳ ಮಾದರಿಗಳನ್ನು ತೆಗೆದು ತೂಗಿದರು. ಪತ್ನಿ ಎಲಿನರ್ ಈ ದುಡಿಮೆಯಲ್ಲಿ ಜೊತೆಗಿದ್ದರು. ಹೀಗೆ ಯಾವ ಪ್ರಾಣಿ ಯಾವುದನ್ನು ತಿನ್ನುವುದೆಂಬ ಪಟ್ಟಿಯನ್ನು ಮಾಡಿ ಸುಮ್ಮನಾಗಿದ್ದರೆ ಅವರ ಕೆಲಸ ಅಂದಿನ ಹಲವು ಪ್ರಬಂಧಗಳ ಸಾಲಿಗೆ ಸೇರಿ ಮರೆತುಹೋಗುತ್ತಿದ್ದಿತು. ಅವರು ಎಲ್ಲವನ್ನೂ ಒಂದೇ ನಾಣ್ಯಕ್ಕೆ, ಎಂದರೆ ಶಕ್ತಿಯ ಲೆಕ್ಕಕ್ಕೆ, ಇಳಿಸಿದರು. ಕೊಳದ ಮೇಲೆ ಬಿದ್ದ ಸೂರ್ಯಶಕ್ತಿಯಲ್ಲಿ ಸಸ್ಯಗಳು ಹಿಡಿದುಕೊಂಡದ್ದು ಶೇಕಡ 0.10, ಅದರಲ್ಲಿ ಸಸ್ಯಾಹಾರಿಗಳಿಗೆ ಸಂದದ್ದು ಶೇಕಡ 13.3, ಅಲ್ಲಿಂದ ಮುಂದಣ ಮೆಟ್ಟಿಲಿಗೆ ಶೇಕಡ 22.3.

ನಮ್ಮ ಪದವಿಪೂರ್ವ ತರಗತಿಗಳಲ್ಲಿ ಒಂದು ಮೆಟ್ಟಿಲಿನಿಂದ ಮುಂದಣ ಮೆಟ್ಟಿಲಿಗೆ ಶಕ್ತಿಯ ಹತ್ತನೆಯ ಒಂದು ಪಾಲು ಮಾತ್ರ ಸಲ್ಲುವುದೆಂದು ಬೋಧಿಸುವುದುಂಟು. ಅದನ್ನು ಲಿಂಡೆಮನ್ನರ ನಿಯಮವೆಂದು ಕರೆಯುವುದೂ ಉಂಟು. ಮೇಲಿನ ಅಂಕೆಗಳನ್ನು ನೋಡಿದವರಿಗೆ ಈ ಹೆಸರಿನ ಅಸಂಗತತೆ ತಾನೇ ತಿಳಿಯುವುದು. ಮೆಟ್ಟಿಲು ಏರಿದಂತೆ ಶಕ್ತಿಯನ್ನು ಬಳಸಿಕೊಳ್ಳುವ ಸಾಮರ್ಥ್ಯ ಹೆಚ್ಚುವುದೆಂದು ಅವರು ವಾದಿಸಿದ್ದರೇ ಹೊರತು, ಎಲ್ಲೆಡೆಯೂ ಹತ್ತೇ ಎಂದಿರಲಿಲ್ಲ. ಮೂಲವನ್ನು ಓದದೆ ಹೆಸರನ್ನು ಮಾತ್ರ ಉಳಿಸಿಕೊಂಡರೆ ಆಗುವ ಅನರ್ಥ ಇದು. ಇತಿಹಾಸದ ಅಧ್ಯಾಪಕರಾದ ನಮಗೂ ಇಂತಹ ಉದಾಹರಣೆಗಳು ಹೊಸವಲ್ಲ.

1941ರಲ್ಲಿ ಲಿಂಡೆಮನ್ನರು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಹಚಿನ್ಸನ್ನರ ಬಳಿಗೆ ಹೋದರು. ಮಹಾಪ್ರಬಂಧದ ಕೊನೆಯ ಅಧ್ಯಾಯವನ್ನು ಬೆಳಸಿ ‘ಇಕಾಲಜಿ’ ಪತ್ರಿಕೆಗೆ ಕಳುಹಿಸಿದಾಗ, ಅದನ್ನು ಪರಿಶೀಲಿಸಿದ ಇಬ್ಬರು ಹಿರಿಯ ಸರೋವರಶಾಸ್ತ್ರಜ್ಞರು, ವಿಸ್ಕಾನ್ಸಿನ್ನಿನ ಚಾನ್ಸಿ ಜೂಡೇ ಮತ್ತು ಮಿಚಿಗನ್ನಿನ ಪಾಲ್ ವೆಲ್ಚ್, ಅದನ್ನು ತಿರಸ್ಕರಿಸಬೇಕೆಂದು ಸಲಹೆ ಮಾಡಿದರು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ವ್ಯಾಪಕವಾದ ಸಿದ್ಧಾಂತ ಸಲ್ಲದೆಂಬುದು ಅವರ ಆಕ್ಷೇಪಣೆಯ ಸಾರ. ಆಕ್ಷೇಪಣೆ ಕೇವಲ ಹಟದ್ದೆಂದು ನಮಗೆ ತೋರುವುದಿಲ್ಲ. ಜೂಡೇಯವರು ದಶಕಗಟ್ಟಲೆ ನೂರಾರು ಸರೋವರಗಳನ್ನು ಅಳೆದವರು. ಒಂದೇ ಕೊಳವನ್ನು ನೋಡಿದ ಯುವಕನ ಧೈರ್ಯ ಅವರಿಗೆ ಅತಿಯೆನಿಸಿದ್ದು ಸಹಜ. ಆದರೆ ಹಚಿನ್ಸನ್ನರು ಬಿಡದೆ ಸಂಪಾದಕ ಥಾಮಸ್ ಪಾರ್ಕರಿಗೆ ಬರೆದು ವಾದಿಸಿದರು, ಪಾರ್ಕರು ಒಪ್ಪಿದರು. ಲೇಖನ ಅಚ್ಚಾಗುವ ಮುನ್ನ, 1942ರ ಜೂನ್ 29ರಂದು, ಯಕೃತ್ತಿನ ರೋಗದಿಂದ ಲಿಂಡೆಮನ್ನರು ತೀರಿಕೊಂಡರು. ವಯಸ್ಸು 27 ತುಂಬಿರಲಿಲ್ಲ. ಅಕ್ಟೋಬರ್ ಸಂಚಿಕೆಯಲ್ಲಿ ಲೇಖನವು ಹಚಿನ್ಸನ್ನರ ಒಂದು ಟಿಪ್ಪಣಿಯೊಡನೆ ಹೊರಬಂದಿತು.

ಲಿಂಡೆಮನ್ನರ ಕೊಳಕ್ಕೆ ದಂಡೆಯೇ ಬಹುಮಟ್ಟಿಗೆ ಎಲ್ಲೆಯಾಗಿದ್ದಿತು. ಎಲ್ಲೆಯನ್ನು ಕಣಿವೆಯ ಏಣಿನವರೆಗೆ, ಎಂದರೆ ಮಳೆಯ ನೀರು ಇತ್ತ ಅತ್ತ ಬೇರೆಯಾಗುವ ದಿಬ್ಬದವರೆಗೆ, ಒಯ್ದ ಕೆಲಸ ನ್ಯೂ ಹ್ಯಾಂಪ್‌ಷೈರಿನ ಹಬರ್ಡ್ ಬ್ರೂಕ್ ಎಂಬಲ್ಲಿ ಪ್ರಸಿದ್ಧವಾಯಿತು. ಅಮೆರಿಕದ ಅರಣ್ಯ ಇಲಾಖೆಯು 1955ರಲ್ಲಿ ಆ ಪ್ರಾಯೋಗಿಕ ಅರಣ್ಯವನ್ನು ಸ್ಥಾಪಿಸಿದುದು ಮಳೆಗೂ ಹೊನಲಿಗೂ ಇರುವ ಸಂಬಂಧವನ್ನು ಅಳೆಯಲೆಂದು. ಹತ್ತಿರದ ಡಾರ್ಟ್‌ಮತ್ ಕಾಲೇಜಿನ ಸಸ್ಯವಿಜ್ಞಾನಿ ಹರ್ಬರ್ಟ್ ಬೋರ್ಮನ್ನರಿಗೆ ಅಲ್ಲಿ ಬೇರೊಂದು ಸಾಧ್ಯತೆ ಕಂಡಿತು. ಅಲ್ಲಿಯ ತಳಬಂಡೆ ನೀರನ್ನು ಬಹುಮಟ್ಟಿಗೆ ಇಂಗಗೊಡದು. ಆದಕಾರಣ ಒಂದು ಚಿಕ್ಕ ಕಣಿವೆಯಿಂದ ಹೊರಹರಿಯುವ ನೀರೆಲ್ಲವೂ ಅದರ ಬಾಯಲ್ಲಿ ಕಟ್ಟಿದ ಅಳತೆಗಟ್ಟೆಯನ್ನು ದಾಟಿಯೇ ಹೋಗಬೇಕು. ಒಳಬರುವ ಮಳೆಯನ್ನೂ ಹೊರಹೋಗುವ ತೊರೆಯನ್ನೂ ರಾಸಾಯನಿಕವಾಗಿ ಪರೀಕ್ಷಿಸಿದರೆ ಕಾಡಿನ ಜಮಾಖರ್ಚು ಕೈಗೆ ಸಿಕ್ಕಂತೆಯೇ. 1963ರಲ್ಲಿ ಬೋರ್ಮನ್, ಜೀನ್ ಲೈಕೆನ್ಸ್, ಭೂವಿಜ್ಞಾನಿ ನಾಯ್ ಜಾನ್ಸನ್ ಹಾಗೂ ಅರಣ್ಯ ಇಲಾಖೆಯ ರಾಬರ್ಟ್ ಪಿಯರ್ಸ್ ಈ ಲೆಕ್ಕವನ್ನು ಆರಂಭಿಸಿದರು. ಇವರಲ್ಲಿ ಲೈಕೆನ್ಸರು ವಿಸ್ಕಾನ್ಸಿನ್ನಿನಲ್ಲಿ ಆರ್ಥರ್ ಹ್ಯಾಸ್ಲರರ ಶಿಷ್ಯರು. ಹ್ಯಾಸ್ಲರರು ಜೂಡೇಯವರ ಶಿಷ್ಯರು. ಲಿಂಡೆಮನ್ನರನ್ನು ತಡೆದವರ ಶಿಷ್ಯಪರಂಪರೆಯೇ ಅವರ ವಿಚಾರವನ್ನು ಕಣಿವೆಯವರೆಗೆ ಹಿಗ್ಗಿಸಿತೆಂಬುದು ಗಮನಿಸತಕ್ಕ ಸಂಗತಿ.

ಆ ಕಣಿವೆಗಳಲ್ಲಿ ಎರಡನೆಯದರ ವಿಸ್ತಾರ 15.6 ಹೆಕ್ಟೇರ್. 1965ರ ಕೊನೆಯಲ್ಲಿ ಅಲ್ಲಿಯ ಮರಗಳನ್ನೆಲ್ಲ ಕಡಿದು, ಬಿದ್ದಲ್ಲಿಯೇ ಬಿಟ್ಟು, ಚಿಗುರು ಬಾರದಂತೆ ಮುಂದಣ ಮೂರು ಬೇಸಗೆಗಳಲ್ಲಿ ಕಳೆನಾಶಕವನ್ನು ಸಿಂಪಡಿಸಿದರು. ಮೊದಲ ವರ್ಷ ಹೊನಲು ಶೇಕಡ 39ರಷ್ಟು ಹೆಚ್ಚಿತು. ತೊರೆಯ ನೀರಿನಲ್ಲಿ ನೈಟ್ರೇಟಿನ ಸಾಂದ್ರತೆ ಸರಾಸರಿ 41 ಪಟ್ಟು, ಎರಡನೆಯ ವರ್ಷ 56 ಪಟ್ಟು ಏರಿತು. ಕಾಡಿನ ಬೇರುಗಳು ಹಿಡಿದಿಟ್ಟುಕೊಂಡಿದ್ದ ಸತ್ತ್ವವು ನೀರಿನೊಡನೆ ಹರಿದುಹೋದ ಕಥೆ ಇದು. ಇದನ್ನು ವರದಿಮಾಡಿದ 1970ರ ಪ್ರಬಂಧದ ಕರ್ತೃಗಳಲ್ಲಿ ಫಿಶರ್ ಎಂಬ ಹೆಸರುಂಟು. ಅವರು ಭೂವೈಜ್ಞಾನಿಕ ಸಮೀಕ್ಷೆಯ ಡಿ. ಡಬ್ಲ್ಯೂ. ಫಿಶರರು, ನಮ್ಮ ವಿದ್ಯಾರ್ಥಿಯಲ್ಲ. ಅವಸರದ ಓದುಗರು ಇಬ್ಬರನ್ನು ಒಬ್ಬರೆಂದು ತಿಳಿಯುವ ಅಪಾಯವಿದೆ.

ನಮ್ಮ ಫಿಶರರು ಆರಿಸಿಕೊಂಡದ್ದು ಬೇರ್ ಬ್ರೂಕ್ ಎಂಬ ತೊರೆಯ 1,700 ಮೀಟರ್ ಉದ್ದದ ಒಂದು ಭಾಗ. ಉದುರುವ ಎಲೆ, ಕೊಂಬೆಗಳಿಂದ ತೊಟ್ಟಿಕ್ಕುವ ಮಳೆನೀರು, ದಡದ ಮಣ್ಣಿನಿಂದ ಒಸರುವ ನೀರಿನಲ್ಲಿ ಕರಗಿಬಂದ ಪದಾರ್ಥ, ಕೆಳಗೆ ತೇಲಿಹೋಗುವ ಕಸ, ಇವೆಲ್ಲವನ್ನೂ ಅವರು ಲಿಂಡೆಮನ್ನರಂತೆಯೇ ಶಕ್ತಿಯ ನಾಣ್ಯಕ್ಕೆ ಇಳಿಸಿದರು. ವರ್ಷಕ್ಕೆ ಚದರ ಮೀಟರಿಗೆ ಒಟ್ಟು 6,039 ಕಿಲೋಕ್ಯಾಲೊರಿಗಳ ಆದಾಯ. ಅದರಲ್ಲಿ ಶೇಕಡ 99ಕ್ಕೂ ಮಿಕ್ಕಿದ್ದು ತೊರೆಯದಲ್ಲ, ಹೊರಗಿನದು. ತೊರೆಯೊಳಗೇ ಬೆಳೆದದ್ದೆಂದರೆ ಸ್ವಲ್ಪ ಹಾವಸೆ ಮಾತ್ರ. ಅದರ ಪಾಲು ಶೇಕಡ ಒಂದನ್ನೂ ಮುಟ್ಟದು. ಒಳಬಂದುದರಲ್ಲಿ ಶೇಕಡ 66 ಬಳಕೆಯಾಗದೆ ಕೆಳಗೆ ಹರಿದುಹೋಯಿತು; ಉಳಿದುದನ್ನು ತೊರೆಯ ಜೀವಿಗಳು ಉಪಯೋಗಿಸಿಕೊಂಡವು. 1973ರಲ್ಲಿ ಲೈಕೆನ್ಸರೊಡನೆ ಇದನ್ನು ಪ್ರಕಟಿಸಿದ ಮೇಲೆ, ಕಾಡನ್ನು ಬಿಟ್ಟು ಕಾಡುತೊರೆಯನ್ನು ಅಭ್ಯಸಿಸುವುದು ಕಷ್ಟವಾಯಿತು.

ಇಷ್ಟಾದರೂ ಒಂದು ತೊಡಕುಂಟು. ವಿದ್ಯಾರ್ಥಿಗೆ ದೊರೆಯುವುದು ನಾಲ್ಕೈದು ವರ್ಷ. ಕಣಿವೆಯು ಆ ಅವಧಿಗೆ ತನ್ನ ಗುಟ್ಟನ್ನು ಬಿಡುವುದಿಲ್ಲ. ಹಬರ್ಡ್ ಬ್ರೂಕಿನಲ್ಲಿ 1963ರಲ್ಲಿ ಸಂಗ್ರಹಿಸಿದ ಮಳೆನೀರೇ ಅನಿರೀಕ್ಷಿತವಾಗಿ ಆಮ್ಲೀಯವಾಗಿದ್ದಿತು. ಆದರೆ ಆಮ್ಲಮಳೆಯನ್ನು ಕುರಿತು ಲೈಕೆನ್ಸ್, ಬೋರ್ಮನ್, ಜಾನ್ಸನ್ ಇವರ ಪ್ರಬಂಧ ಹೊರಬಂದುದು 1972ರಲ್ಲಿ. ಅದು ಒಂದು ಋತುವಿನ ವಿಕಾರವೋ, ಕಾಲದ ಪ್ರವೃತ್ತಿಯೋ ಎಂಬುದನ್ನು ಒಬ್ಬ ವಿದ್ಯಾರ್ಥಿಯ ದಿನಚರಿಯಿಂದ ತೀರ್ಮಾನಿಸಲಾಗದು. ಒಬ್ಬನು ಬಿಟ್ಟುಹೋದ ಸಾಲನ್ನು ಇನ್ನೊಬ್ಬನು ಅದೇ ಕ್ರಮದಲ್ಲಿ ಮುಂದುವರಿಸಬೇಕು. ಬೇರ್ ಬ್ರೂಕಿನ ಲೆಕ್ಕ ಕೈಗೂಡಿದುದೂ ಹೊನಲಿನ ಅಳತೆಯನ್ನು ಅರಣ್ಯ ಇಲಾಖೆಯವರು ಮೊದಲಿನಿಂದಲೂ ಇಟ್ಟುಕೊಂಡು ಬಂದಿದ್ದರಿಂದ. ಲಿಂಡೆಮನ್ನರಿಗೆ ಈ ಆಸರೆ ಇರಲಿಲ್ಲ.

ಈ ಪ್ರಸಂಗದಲ್ಲಿ ನಾವು ಕಂಡುದೊಂದನ್ನು ಹೇಳದಿರಲಾರೆವು. ನಮಗೆ ಪರಿಚಿತವಾದ ಒಂದು ಕಾಲೇಜಿನಲ್ಲಿ, ಸಮೀಪದ ಕೆರೆಯ ನೀರಿನ ಮಟ್ಟವನ್ನು ವಿದ್ಯಾರ್ಥಿಗಳು ಹಲವು ಮಳೆಗಾಲ ಗುರುತುಹಾಕಿ ಬರೆದಿಟ್ಟ ಪುಸ್ತಕಗಳಿದ್ದವು. ಕೊಠಡಿಗೆ ಸುಣ್ಣ ಹೊಡೆಸುವಾಗ ಅವು ರದ್ದಿ ಕಾಗದದೊಡನೆ ಹೋದವು. ಆ ಪುಟಗಳಲ್ಲಿ ಸಿದ್ಧಾಂತವೇನೂ ಇರಲಿಲ್ಲ, ತಾರೀಖುಗಳೂ ಅಂಗುಲಗಳೂ ಮಾತ್ರ. ಈಗ ಆ ಕೆರೆಯ ಆ ವರ್ಷಗಳನ್ನು ಯಾರೂ ಮರಳಿ ಅಳೆಯಲಾರರು.

ಫಿಶರರು ಮುಂದೆ ಅರಿಜೋನ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮರುಭೂಮಿಯ ಸಿಕಮೋರ್ ಕ್ರೀಕ್ ಎಂಬ ಹಳ್ಳವನ್ನು ಅಭ್ಯಸಿಸಿದರು. ಅಲ್ಲಿ ನೆರಳು ಕಡಿಮೆ, ಬಿಸಿಲು ಧಾರಾಳ. ಹಳ್ಳವು ತನ್ನ ಪಾಚಿಯಿಂದಲೇ ತನ್ನ ಅನ್ನವನ್ನು ಬೆಳೆದುಕೊಳ್ಳುವುದು ಕಂಡುಬಂದಿತು. ತಾವು ವಿದ್ಯಾರ್ಥಿಯಾಗಿ ಕಂಡುದು ಎಲ್ಲ ತೊರೆಗಳಿಗೂ ಸಲ್ಲದೆಂಬುದನ್ನು ಹೀಗೆ ಅವರೇ ತೋರಿಸಿಕೊಟ್ಟರು. ದಿಢೀರ್ ಪ್ರವಾಹ ಕೊಚ್ಚಿಹೋದ ಬಳಿಕ ಆ ಹಳ್ಳ ಮತ್ತೆ ಜೀವಗೊಳ್ಳುವ ಕ್ರಮವನ್ನು ವಿವರಿಸುವ 1982ರ ಪ್ರಬಂಧದಲ್ಲಿ ಅವರ ಹೆಸರಿನ ಮುಂದೆ ಇನ್ನೂ ಮೂರು ಹೆಸರುಗಳಿವೆ. ಅವುಗಳಲ್ಲಿ ಒಂದು ಆಗ ಅಲ್ಲಿ ವಿದ್ಯಾರ್ಥಿನಿಯಾಗಿದ್ದ ನ್ಯಾನ್ಸಿ ಗ್ರಿಮ್ ಅವರದು.